ಅಂಗಳದ ಬಿರುಕು

ಹೊನ್ನೆಬಂದರು
9-6-2007, ಶನಿವಾರ

ಕೈಲಾಂಚದ ಮಾವನವರಿಗೆ,

ನಿಮ್ಮ ಸೊಸೆ ರಮ್ಯಾಳ ನಮಸ್ಕಾರ. ನಾನು, ಪುಟ್ಟಿ, ನಿಮ್ಮ ಮಗ ಮೂವರೂ ಜೀವಂತ ಇದ್ದೇವೆ. ಕ್ಷೇಮ ಅಂತ ಬರೆಯಲು ಕೈ ಬರುತ್ತಿಲ್ಲ. ಸ್ಕೂಲಿನ ಬಾಗಿಲಿಗೆ ಬೆಂಚು ಅಡ್ಡ ಇಟ್ಟು, ಅದರ ಮೇಲೆ ಕೂತು ಬರೆಯುತ್ತಿದ್ದೇನೆ. ಯಾಕೆ ಅಂತ ಹೇಳುತ್ತೇನೆ.

ಹಾರೋಹಳ್ಳಿಯ ಫ್ಯಾಕ್ಟರಿ ಬಿಟ್ಟು ಇವರು ಈ ಗಣಿಗೆ ಡೋಜರ್ ಓಡಿಸಲು ಬಂದಾಗ, ಮನೆ ಕೊಡುತ್ತಾರೆ ಅಂತ ಹಿಗ್ಗಿದ್ದೆ. ಬಂದು ನೋಡಿದರೆ ಅದಿರು ತೆಗೆದು ಉಳಿದ ಮಣ್ಣು ಸುರಿದ ದಿಬ್ಬದ ಮೇಲೆ ಹನ್ನೊಂದು ಶೀಟಿನ ಮನೆ, ಕೆಳಗೆ ಕಡಲು. ಬಸ್ಸು ದಿನಕ್ಕೆ ಒಂದೇ. ಒಗೆದ ಬಟ್ಟೆ ಒಣಗುವ ಹೊತ್ತಿಗೆ ಕೆಂಪಾಗಿರುತ್ತದೆ. ಆದರೂ ಹಟಕ್ಕೆ ಬಿದ್ದು ಶುಕ್ರವಾರ ಶುಕ್ರವಾರ ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲಿ ಹಾಕುತ್ತಿದ್ದೆ. ಎಷ್ಟು ನುಣ್ಣಗಿದೆ ನಿನ್ನ ಅಂಗಳ ಅಂತ ಪಕ್ಕದ ಮನೆಯ ತಾಹೇರಾ ಹೊಗಳಿದಾಗ ಉಬ್ಬಿಹೋಗಿದ್ದೆ.

ತಪ್ಪಾಗಿದ್ದು ಅಲ್ಲೇ ಮಾವ. ಅಂಗಳದಲ್ಲಿ ಒಂದು ಬಿರುಕಿತ್ತು. ಅಂದ ಕೆಡುತ್ತದೆ ಅಂತ ನನ್ನ ಕೈಯಾರೆ ನಾಲ್ಕು ವಾರ ಸಗಣಿ ಮೆತ್ತಿ ಮುಚ್ಚಿದೆ. ಮತ್ತೆ ಮತ್ತೆ ಬಾಯಿ ಬಿಡುತ್ತಿತ್ತು. ನಿನ್ನೆ ಬೆಳಿಗ್ಗೆ ಮೆತ್ತಿದ್ದು ಮಧ್ಯಾಹ್ನಕ್ಕೇ ಸೀಳಿತು. ಆಗ ನಿಮ್ಮ ಮಾತು ನೆನಪಾಯಿತು. ಕನಕಪುರದ ಕ್ವಾರಿಯಲ್ಲಿ ನೀವು ಬಿರುಕಿಗೆ ಹಸಿಮಣ್ಣು ಮೆತ್ತಿ ನೋಡುತ್ತಿದ್ದಿರಿ. ಮಣ್ಣು ಸೀಳಿದರೆ ಬಂಡೆ ಜರುಗುತ್ತಿದೆ ಅಂತ ಅರ್ಥ, ಆಮೇಲೆ ಅದರ ಕೆಳಗೆ ಯಾರನ್ನೂ ಬಿಡುತ್ತಿರಲಿಲ್ಲ.

ಇವರಿಗೆ ಹೇಳಿದರೆ, "ಸುಮ್ಕಿರು, ಸಾಹೇಬ್ರ ಕಿವಿಗೆ ಬಿದ್ರೆ ಕೆಲ್ಸ ಹೋಯ್ತದೆ" ಅಂದರು. ನಾನು ಸುಮ್ಮನಿರಲಿಲ್ಲ. ಮನೆಮನೆಗೂ ಹೋಗಿ ಕೂಗಾಡಿ, ಅತ್ತು, ಎಲ್ಲರನ್ನೂ ದಿಬ್ಬದಿಂದ ದೂರ ಇರುವ ಈ ಸ್ಕೂಲಿಗೆ ಎಳೆದು ತಂದೆ. ತಾಹೇರಾ ಒಲೆಯ ಮೇಲಿನ ಅನ್ನ ಬಿಟ್ಟು ಬಂದಳು.

ಈಗ ಸಂಜೆ. ನಿನ್ನೆ ರಾತ್ರಿ ಹಿಡಿದ ಮಳೆ ಬಿಟ್ಟಿಲ್ಲ, ದಿಬ್ಬ ಹಾಗೇ ನಿಂತಿದೆ. ಗಂಡಸರು ನನ್ನನ್ನು ನೋಡಿ ನಗುತ್ತಿದ್ದಾರೆ. ಗಣಿಯ ಸಾಹೇಬರು ಬಂದು, ಎಲ್ಲರೂ ಮನೆಗೆ ನಡೀರಿ ಅಂತ ಗದರಿ ಹೋದರು. ಎರಡು ಮನೆಯವರು ಆಗಲೇ ಗಂಟು ಕಟ್ಟಿದ್ದಾರೆ. ಅದಕ್ಕೇ ಬಾಗಿಲಿಗೆ ಬೆಂಚು. ಕೂಸುಗಳಿರುವ ಮನೆ ಬೀಳಲಿ ಅಂತ ಬೇಡಿಕೊಳ್ಳಲೂ ಆಗುವುದಿಲ್ಲ, ಬೀಳದಿದ್ದರೆ ನಾಳೆ ತಲೆ ಎತ್ತಿ ತಿರುಗಲೂ ಆಗುವುದಿಲ್ಲ. ತುಂಬಾ ಹೆದರಿಕೆ ಆಗುತ್ತಿದೆ ಮಾವ.

ನಿಮ್ಮ ಸೊಸೆ,
ರಮ್ಯಾ

ತಾ.ಕ.: ಭಾನುವಾರ. ಬೆಳಿಗ್ಗೆ ಏಳಕ್ಕೆ ದಿಬ್ಬ ಜಾರಿತು. ಹನ್ನೊಂದು ಮನೆಯೂ ಕಡಲಿಗೆ ಹೋದವು, ಜನ ಯಾರೂ ಹೋಗಲಿಲ್ಲ. ಎಲ್ಲರೂ ನನ್ನ ಕೈ ಹಿಡಿದು ಅತ್ತರು. ನಿಮ್ಮ ಮಗ ದೂರ ನಿಂತಿದ್ದರು. ಆಮೇಲೆ ಬಾಯಿಬಿಟ್ಟರು. ದಿಬ್ಬ ಜರುಗುತ್ತಿರುವುದು ಇವರಿಗೂ ಸಾಹೇಬರಿಗೂ ತಿಂಗಳಿಂದ ಗೊತ್ತಿತ್ತಂತೆ. ಪುಟ್ಟಿಯನ್ನು ಅಂಥ ಕಡೆ ಮಲಗಿಸಿ ತಿಂಗಳು ಪೂರಾ ಸುಮ್ಮನಿದ್ದರು. ಶುಕ್ರವಾರ ನಾನು, ಪುಟ್ಟಿ ಇಬ್ಬರೇ ಬರುತ್ತಿದ್ದೇವೆ. ಅವಳ ಎದುರು ಏನೂ ಕೇಳಬೇಡಿ. ಎಲ್ಲರನ್ನೂ ಉಳಿಸಿದ್ದು ಅಪ್ಪನೇ ಅಂತ ಹೇಳಿದ್ದೇನೆ.