ಎರಡು ಕಡೆ ಕಾಪಿ

ಏಪ್ರಿಲ್ 21, ಸೋಮವಾರ. ದೇವದುರ್ಗ

ಮದರ್‌ಬೋರ್ಡ್ ಹಳೆಯದು. ಪ್ರೊಸೆಸರ್ ಹಳೆಯದು. ರ‍್ಯಾಮ್ ಮಾತ್ರ ಹೊಸದು. ಎಲ್ಲವನ್ನೂ ರಾಯಚೂರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಪಕ್ಕದ ಸೀಟಿನ ಅಜ್ಜ, "ಟಿವಿ ಏನವ್ವ?" ಎಂದ. ಹೌದೆಂದೆ. ವಿವರಿಸುತ್ತ ಕೂರುವವರಾರು.

ಹಾರ್ಡ್ ಡಿಸ್ಕ್ ಒಂದೇ, ಅದೂ ಯಾರೋ ಬಳಸಿ ಬಿಟ್ಟದ್ದು. ಅಂಗಡಿಯ ಸೂಫಿಯಾ ಎರಡು ಒಯ್ಯಲು ಹೇಳಿದಳು. "ಒಂದು ಕೈಕೊಟ್ರ ಇನ್ನೊಂದು ಇರ್ತದ." ರ‍್ಯಾಮಿಗೇ ಕೈ ಖಾಲಿಯಾಗಿತ್ತು. ಮುಂದಿನ ಮದುವೆ ವಿಡಿಯೊದ ದುಡ್ಡು ಬಂದಾಗ ನೋಡೋಣ ಎಂದೆ.

ಏಪ್ರಿಲ್ 24, ಗುರುವಾರ

ಚಾಲೂ ಆಯಿತು! ಆರು ವರ್ಷ ಮಾನ್ವಿಯಲ್ಲಿ ವಲಿ ಪಾಷಾ ಭಾಯ್ ಸ್ಟುಡಿಯೊದಲ್ಲಿ ಮದುವೆ ವಿಡಿಯೊ ಮಿಕ್ಸಿಂಗ್ ಮಾಡಿದೆ. ಇಂದು ನನ್ನ ಖೋಲಿ, ನನ್ನ ಮಷೀನು. ಕ್ಯಾಬಿನೆಟ್ಟಿಗೆ ಮುಚ್ಚಳ ಹಾಕಿಲ್ಲ — ತಗಡಿನ ಸೂರು, ಕಾವು ವಿಪರೀತ. ಟೇಬಲ್ ಫ್ಯಾನ್ ಅದಕ್ಕೆ, ಬೆವರು ನನಗೆ.

ಭಾಯ್ ಮಿಕ್ಸಿಂಗಿಗೆಂದು ಹಿರೇಕೊಟ್ನೆಕಲ್ ಮದುವೆಯ ಮೆಮೊರಿ ಕಾರ್ಡ್ ತಂದರು. ನಾಳೆ ಇನ್ನೊಂದು ಮದುವೆ. ಇದೇ ಕಾರ್ಡನ್ನು ಅಳಿಸಿ ಅಲ್ಲಿಗೆ ಬಳಸಬೇಕು.

"ಎರಡ್ ಕಡಿ ಕಾಪಿ ಆತೇನವ್ವ?"

"ಆತ್ರೀ ಭಾಯ್."

ಅಲ್ಲೇ ನಿಂತು ಅಳಿಸಿದರು. ಆದದ್ದು ಒಂದೇ ಕಡೆ.

ಏಪ್ರಿಲ್ 27, ಭಾನುವಾರ, ಸಂಜೆ

ಡಿಸ್ಕ್ ಆಗಲೇ ತುಂಬಿದೆ. ಬೇಡದ ಕ್ಲಿಪ್ ತೆಗೆಯುತ್ತ ಕೂತೆ. ಬಾದಾಮಿ ಬಣ್ಣದ ಅಂಗಿಯವನೊಬ್ಬ ಅನ್ನದ ಬಕೆಟ್ ಹಿಡಿದು ಎಲ್ಲ ಕಡೆ ಅಡ್ಡ. ಮದುಮಗಳು ನಗುವ ಹೊತ್ತಿಗೆ ಸರಿಯಾಗಿ ಈತನ ಬೆನ್ನು. ಸಿಟ್ಟು ಬಂತು. ಮೂವತ್ತೊಂದು ಕ್ಲಿಪ್ ಡಿಲೀಟ್.

ಇನ್ನೂ ರಿಸೈಕಲ್ ಬಿನ್‌ನಲ್ಲಿ ಬಿದ್ದಿವೆ. ಅದನ್ನು ಖಾಲಿ ಮಾಡದೆ ಜಾಗ ಸಿಗದು. ಬಂದ್ ಮಾಡುವ ಮುಂಚೆ ಖಾಲಿ ಮಾಡಬೇಕು.

ಏಪ್ರಿಲ್ 28, ಸೋಮವಾರ

ಅವ್ವ ಮಸರಕಲ್ಲಿನಿಂದ ಮೊದಲ ಬಸ್ಸಿಗೇ ಬಂದಳು. ಪೂಜೆ ಇಲ್ಲದೆ ಹೊಸ ಸಾಮಾನು ಚಾಲೂ ಮಾಡಿದೆನೆಂದು ಮುನಿಸು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಷೀನಿನ ಮುಂದೆ ಊದುಬತ್ತಿ. ಕೈಮುಗಿದು ನಿಂತಿದ್ದಳು.

ಅವಳನ್ನು ಬಸ್ ಹತ್ತಿಸಿ ಬಂದು ಸ್ವಿಚ್ ಒತ್ತಿದೆ. ಮೂರು ಸಲ ಬೀಪ್. ಪರದೆ ಕಪ್ಪು. ಮತ್ತೆ ಒತ್ತಿದೆ... ಮೂರು ಬೀಪ್, ಕಪ್ಪು.

ಸುಟ್ಟಿತೇ? ಡಿಸ್ಕ್ ಸಮೇತ? ಒಂದು ಮದುವೆಯೇ ಅದರೊಳಗಿದೆ.

ಮೇ 1, ಗುರುವಾರ

ಮೂರು ದಿನ ಭಾಯ್ ಮಾಡಿದ ಫೋನನ್ನು ನಾನು ಎತ್ತಲಿಲ್ಲ. ಇಂದು ಎತ್ತಿದೆ.

ಹಿರೇಕೊಟ್ನೆಕಲ್ ಮದುಮಗಳು ಕಲ್ಯಾಣಿಯ ತಂದೆ ತಾಯಣ್ಣ ತೀರಿಕೊಂಡರಂತೆ. ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ.

"ಅಪ್ಪನ ಧ್ವನಿ ಒಮ್ಮಿ ಕೇಳ್ಬೇಕಂತ ಆ ಹುಡುಗಿ ಅಳಾಕತ್ತಾಳ. ಫೋನಿನ್ಯಾಗ ಏನೂ ಇಲ್ಲಂತ. ನಮ್ಮ ವಿಡಿಯೊ ಒಂದ ಅದ."

ತಾಯಣ್ಣ ಯಾರು ಎಂದು ಕೇಳಿದೆ.

"ಅನ್ನದ ಬಕೀಟ್ ಹಿಡ್ಕೊಂಡು ಅಡ್ಡಡ್ಡ ಬರ್ತಿದ್ನಲ್ಲ, ಬಾದಾಮಿ ಅಂಗಿ. ಆಯಪ್ಪನ ತಾಯಣ್ಣ."

ಫೋನಿಟ್ಟು ಈ ಪುಸ್ತಕದ ಹಿಂದಿನ ಹಾಳೆ ತಿರುವಿದೆ. "ಬಂದ್ ಮಾಡುವ ಮುಂಚೆ ಖಾಲಿ ಮಾಡಬೇಕು." ಮಾಡಿದೆನೇ? ನೆನಪಾಗುತ್ತಿಲ್ಲ. ದಿನವೂ ಮಾಡುವ ಕೆಲಸ, ಬಾಗಿಲಿಗೆ ಚಿಲಕ ಹಾಕಿದಂತೆ. ಯಾರು ನೆನಪಿಡುತ್ತಾರೆ?

ಮಂಟಪದ ಕ್ಲಿಪ್‌ಗಳಲ್ಲೂ ತಾಯಣ್ಣ ಇರಬಹುದು. ಆದರೆ ಅಲ್ಲಿ ಬರೀ ಬ್ಯಾಂಡಿನ ಗದ್ದಲ, ಮಾತು ಕೇಳದು. ಹೆದರಿಕೆಯಾಗುತ್ತಿದೆ. ಊಟ ಸೇರಲಿಲ್ಲ.

ಮೇ 3, ಶನಿವಾರ. ರಾಯಚೂರು

ಕ್ಯಾಬಿನೆಟ್ಟನ್ನು ಅವ್ವನ ಹಳೆಯ ಸೀರೆಯಲ್ಲಿ ಸುತ್ತಿ ತಂದೆ. ಸೂಫಿಯಾ ರ‍್ಯಾಮ್ ಹೊರಗೆಳೆದಳು. ಅದರ ಒಂದು ತುದಿ ಮೊದಲೇ ಎದ್ದಿತ್ತಂತೆ. ಅಡಿಯಲ್ಲಿ ಹಳದಿ ಪುಡಿ.

"ಇದಕ್ಕ ಅರಿಶಿಣ ಯಾಕ್ ಹಾಕೀರಿ?"

ಬೀರಪ್ಪನ ಭಂಡಾರ! ಕುರಿ ಕೊಂಡರೂ ಬೈಕ್ ಕೊಂಡರೂ ನಮ್ಮಲ್ಲಿ ಗುಡಿಯ ಆ ಅರಿಶಿಣ ಬೀಳಲೇಬೇಕು. ಅವ್ವನಿಗೆ ಫೋನ್ ಮಾಡಿದೆ.

"ಒಳಗ ಧೂಳಿತ್ತವ್ವ. ಸೆರಗಿಲೆ ತಿಕ್ಕಿ ಒರೆಸಿ ಭಂಡಾರ ಹಾಕೀನಿ. ನಿನಗ ಒಳ್ಳೇದಾಗ್ಲಿ ಅಂತ."

ಬಯ್ಯಲು ಹೋದವಳು ಫೋನಿಟ್ಟೆ. ಮುಚ್ಚಳ ಹಾಕದೆ ಬಿಟ್ಟವಳು ನಾನು.

ಸೂಫಿಯಾ ಬ್ರಷ್‌ನಿಂದ ಗುಡಿಸಿ, ಪೆನ್ಸಿಲ್ ರಬ್ಬರಿನಿಂದ ರ‍್ಯಾಮ್ ಉಜ್ಜಿ ಕೂರಿಸಿದಳು. ಚಾಲೂ ಆಯಿತು. ಆಮೇಲೆ ಡಿಸ್ಕಿಗೆ ಕಿವಿಗೊಟ್ಟಳು. ಟಿಕ್... ಟಿಕ್...

"ಇದು ಭಾಳ ದಿನ ಬರಂಗಿಲ್ಲ. ಲಗೂನ ಬ್ಯಾರೆದಕ್ಕ ತುಂಬ್ಕೋರಿ."

ಬಿನ್ ತೆರೆದು ನೋಡಲಿಲ್ಲ. ಧೈರ್ಯ ಬರಲಿಲ್ಲ. ಬಸ್ ಸ್ಟ್ಯಾಂಡಿನಿಂದ ಭಾಯ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ, ಸುಳ್ಳು ಹೇಳಿದ್ದನ್ನೂ. ಬೈದಿದ್ದರೆ ಚೆನ್ನಾಗಿತ್ತು. "ನಾಳಿ ನನ್ನ ಡಿಸ್ಕ್ ತಗೊಂಡು ಬರ್ತೀನಿ" ಎಂದಷ್ಟೇ ಹೇಳಿದರು.

ಮೇ 4, ಭಾನುವಾರ, ಮಧ್ಯಾಹ್ನ. ದೇವದುರ್ಗ

ಭಾಯ್ ಜೊತೆ ಕಲ್ಯಾಣಿಯೂ ಬಂದಳು. ವಿಡಿಯೊದಲ್ಲಿ ನೂರು ಸಲ ನೋಡಿದ ಮುಖ, ಗುರುತೇ ಹತ್ತಲಿಲ್ಲ. ಅವಳೆದುರೇ ಬಿನ್ ತೆರೆಯಬೇಕಾಯಿತು. ಕಣ್ಣು ಮುಚ್ಚಿ ಒತ್ತಿದೆ.

ಮೂವತ್ತೊಂದೂ ಇವೆ. ಖಾಲಿ ಮಾಡಿರಲಿಲ್ಲ. ಮರುದಿನ ಮಷೀನು ಚಾಲೂ ಆಗಿದ್ದರೆ ಮಾಡಿಯೇ ಬಿಡುತ್ತಿದ್ದೆ.

ಮೊದಲನೆಯದನ್ನು ವಾಪಸ್ ತೆಗೆದು ಹಚ್ಚಿದೆ. ಬಕೆಟ್ ಹಿಡಿದ ತಾಯಣ್ಣ ಕ್ಯಾಮೆರಾಕ್ಕೇ ಅಡ್ಡ ನಿಂತು ಹೇಳುತ್ತಿದ್ದರು: "ನಮ್ ಕಲ್ಯಾಣಿ ಇನ್ನಾ ಉಂಡಿಲ್ಲಪಾ. ಆಕಿನ್ನ ಒಂದೀಟು ಬಿಡ್ರಿ, ಆಮ್ಯಾಲ ತೆಗೀರಿ."

ಕಲ್ಯಾಣಿ ಪರದೆಗೆ ಕೈ ಹಚ್ಚಿದಳು. "ನಾ ನಗ್ಲಿ ಅಂತ ಬೇಕಂತ ಅಡ್ಡ ಬರ್ತಿದ್ದ ನಮ್ಮಪ್ಪ. ಇನ್ನೊಮ್ಮಿ ಹಚ್ಚಕ್ಕಾ."

"ತಡಿ ತಂಗಿ, ಮದ್ಲು ಕಾಪಿ ಮಾಡ್ತೀನಿ."

ಅದೊಂದನ್ನು ಭಾಯ್ ಡಿಸ್ಕಿಗೆ ಮೊದಲು ಕಳಿಸಿದೆ. ಹೋಯಿತು. ಅಲ್ಲಿಂದ ಹಚ್ಚಿದಾಗಲೂ ಮಾತಾಡಿದರು ತಾಯಣ್ಣ. ನಾನೂ ಅತ್ತೆ.

ಉಳಿದವು ಹೋಗುತ್ತಿವೆ. ಸುಮ್ಮನೆ ಕೂರಲಾರದೆ ಇದನ್ನು ಬರೆಯುತ್ತಿದ್ದೇನೆ. ಇಪ್ಪತ್ತೆರಡು. ಟಿಕ್ ಟಿಕ್ ಜೋರಾಗಿದೆ. ಇಪ್ಪತ್ತಮೂರು... ಅಲ್ಲೇ ನಿಂತಿದೆ.

"ಎಲ್ಲಾ ಕಾಪಿ ಆದುವೇನಕ್ಕಾ?" ಕಲ್ಯಾಣಿ ಕೇಳುತ್ತಿದ್ದಾಳೆ.

ಭಾಯ್ ನನ್ನ ಮುಖವನ್ನೇ ನೋಡುತ್ತಿದ್ದಾರೆ. ಈ ಸಲ ಇದ್ದದ್ದನ್ನು ಇದ್ದಂತೆಯೇ ಹೇಳುತ್ತೇನೆ.