ಅಪ್ಪನ ಹಣೆ

ಬನ್ನಿಮಂಟಪ, ಮೈಸೂರು
28-9-2025, ಭಾನುವಾರ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಮಧುಶ್ರೀಯ ಮಗು ರಾತ್ರಿ ನಿನ್ನನ್ನು ಮಲಗಲು ಬಿಡುತ್ತದೋ ಇಲ್ಲವೋ? ತಂಗಿಯ ಬಾಣಂತನ ಮುಗಿಸಿ ಬಂದುಬಿಡುತ್ತೇನೆ ಎಂದು ಶಿವಮೊಗ್ಗಕ್ಕೆ ಹೋದವಳು ನೀನು. ಈಗ ಆ ಮಗು ಗೋಡೆ ಹಿಡಿದು ನಡೆಯುತ್ತಿದೆಯಂತೆ. ಅಪ್ಪ ಇಲ್ಲದ ಮನೆಗೆ ಕಾಲಿಡಲು ನಿನಗೆ ಆಗುತ್ತಿಲ್ಲ ಎಂದು ನನಗೂ ಗೊತ್ತು. ನಾನು ಚೆನ್ನಾಗಿದ್ದೇನೆ. ಮೇಟಗಳ್ಳಿ ಫ್ಯಾಕ್ಟರಿ, ಮನೆ, ಮತ್ತೆ ಫ್ಯಾಕ್ಟರಿ. ಸಂಜೆ ಮೈದಾನದಲ್ಲಿ ದಸರಾ ಪಂಜಿನ ಕವಾಯತಿನ ತಾಲೀಮು, ಬೈಕುಗಳ ಸದ್ದಿಗೆ ಕಿಟಕಿ ಅದುರುತ್ತದೆ. ಜನರ ಸದ್ದಾದರೂ ಒಳಗೆ ಬರಲಿ ಎಂದು ಬಾಗಿಲು ತೆರೆದೇ ಕೂರುತ್ತೇನೆ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ. ಮಹಾಲಯ ಅಮಾವಾಸ್ಯೆಗೆ ಅಪ್ಪನಿಗೆ ಎಡೆ ಇಡೋಣ ಎಂದು ಅವರ ತಂಗಿ ಪುಟ್ಟತಾಯಮ್ಮತ್ತೆ ಬಂದಿದ್ದರು. ಫೋಟೋ ಬೇಡ, ಅತ್ತಿಗೆ ಬರೆದ ಚಿತ್ರವನ್ನೇ ಇಡು ಎಂದರು. ಅದೇ, ಅಪ್ಪ ಹೋದ ಮೇಲೆ ನೀನು ಬಣ್ಣದ ಪೆನ್ಸಿಲಿನಲ್ಲಿ ಬರೆದದ್ದು: ಇನ್ನೂ ಸ್ನಾನವಾಗದೆ, ಬರಿ ಹಣೆಯಲ್ಲಿ ಕಾಫಿ ಲೋಟ ಹಿಡಿದು ಕೂತ ಅಪ್ಪ. ಹೊರಗಿನವರು ಅವರನ್ನು ವಿಭೂತಿಯಿಲ್ಲದೆ ನೋಡಿದ್ದೇ ಇಲ್ಲವಲ್ಲ. ಬೀರುವಿನಿಂದ ತೆಗೆದು ಗೋಡೆಗೆ ಒರಗಿಸಿ, ಪಾಯಸ ಉಕ್ಕೀತೆಂದು ಒಳಗೆ ಹೋದೆ. ಬರುವಷ್ಟರಲ್ಲಿ ಅತ್ತೆ ವಿಭೂತಿ ನೆನೆಸಿ, ಮೂರು ಬೆರಳಲ್ಲಿ ಕಾಗದದ ಮೇಲೇ ಎಳೆದಿದ್ದರು. ‘ಅಣ್ಣನ್ನ ಬೋಳು ಹಣೇಲಿ ಎಂಗೆ ಕೂರ್ಸೋದು ಕಣವ್ವ’ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಫೋಟೋದ ಗಾಜಿಗೆ ಹಚ್ಚಿ ರೂಢಿಯಾದ ಕೈ, ಬೈಯುವುದು ಹೇಗೆ? ಅವರು ಹೊರಟ ಮೇಲೆ ಬಾಗಿಲು ಹಾಕಿಕೊಂಡು ಗೋಳೋ ಎಂದುಬಿಟ್ಟೆ.

ಆಮೇಲೆ ಚಿತ್ರಕಲೆ ಕಲಿಸುವ ಶುಭಾ ಮೇಡಂ ಹತ್ತಿರ ಒಯ್ದೆ. ಒಣಗಿದ ವಿಭೂತಿಯನ್ನು ಮೆತ್ತನೆಯ ಬ್ರಷ್‌ನಿಂದ ಕೊಡವಿದರು. ಒದ್ದೆ ಬೆರಳಿಗೆ ಬಣ್ಣವೂ ಎದ್ದುಹೋಗಿ ಮೂರು ಬಿಳಿ ಗೆರೆ ಉಳಿದಿದೆ. ಲಷ್ಕರ್ ಮೊಹಲ್ಲಾದಲ್ಲಿ ಲ್ಯಾಮಿನೇಷನ್ ಮಾಡಿಸಿಬಿಡಲೇ ಎಂದರೆ ಗದರಿದರು. ಈ ಬಣ್ಣದಲ್ಲಿ ಮೇಣವಿರುತ್ತದಂತೆ, ಆ ಬಿಸಿಗೆ ಕರಗುತ್ತದಂತೆ. ಗಾಜು ಕೂಡ ತಾಗದ ಹಾಗೆ ಸುತ್ತ ದಪ್ಪ ರಟ್ಟು ಕೊಟ್ಟು ಫ್ರೇಮ್ ಹಾಕಿಸಿ, ಬಿಸಿಲು ಬೀಳದ ಗೋಡೆಗೆ ತೂಗುಹಾಕಬೇಕು. ಅದಕ್ಕೂ ಮೊದಲು ಬಣ್ಣ ಉಜ್ಜಿಹೋಗದಂತೆ ಒಂದು ಸ್ಪ್ರೇ. ಅದು ಹೊಡೆದ ಮೇಲೆ ಪೆನ್ಸಿಲ್ ಸರಿಯಾಗಿ ಹಿಡಿಯುವುದಿಲ್ಲ, ತಿದ್ದುವುದಿದ್ದರೆ ಬರೆದವರು ಈಗಲೇ ತಿದ್ದಲಿ ಎಂದರು.

ನಾನೇ ತಿದ್ದೋಣ ಎಂದು ನಿನ್ನ ಪೆನ್ಸಿಲ್ ಡಬ್ಬಿ ತೆಗೆದೆ. ಚಿತ್ರದ ಹಣೆ ನೋಡಿದರೆ ಕಂದು, ಅದರ ಮೇಲೆ ಹಳದಿ, ಅಡಿಯಲ್ಲೆಲ್ಲೋ ಸ್ವಲ್ಪ ಹಸಿರು. ಅಪ್ಪನ ಮುಖದಲ್ಲಿ ಹಸಿರು ಕಂಡವಳು ಪ್ರಪಂಚದಲ್ಲಿ ನೀನೊಬ್ಬಳೇ ಇರಬೇಕು. ನನಗೆ ಧೈರ್ಯ ಸಾಲಲಿಲ್ಲ. ಡಬ್ಬಿ ಮುಚ್ಚಿಟ್ಟೆ.

ಮಧುಶ್ರೀಗೆ, ಅವಳ ಮನೆಯವರಿಗೆ ನನ್ನ ನೆನಪು ಹೇಳು. ಮಗುವಿನ ಕೆನ್ನೆಗೊಂದು ಮುತ್ತು. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ತಪ್ಪಿಸಬೇಡ.

ನಿನ್ನ ಮಗಳು,
ತೇಜಸ್ವಿನಿ

ತಾ.ಕ.: ಸ್ಪ್ರೇ ಸದ್ಯಕ್ಕೆ ಬೇಡವೆಂದು ಚಿತ್ರವನ್ನು ವಾಪಸು ತಂದಿದ್ದೇನೆ. ಹಣೆ ತಿದ್ದಲು ನೀನು ಬರಲೇಬೇಕು ಎಂದು ಬರೆಯೋಣವೆಂದೇ ಕೂತೆ. ಸುಳ್ಳು ಯಾಕೆ ಹೇಳಲಿ, ಗೆರೆ ಹಾಗೇ ಇದ್ದರೂ ನನಗೇನೂ ಅಡ್ಡಿಯಿಲ್ಲ. ಒಬ್ಬಳೇ ಇರೋಕೆ ಆಗ್ತಿಲ್ಲ ಕಣಮ್ಮ. ಬಂದ್ಬುಡು.