ಎಲೆ ಗುಡಿಸುವ ಕರಾರು

ಮನೆ ಮಾಲೀಕರಿಗೆ ಮೇಲಿನ ಮನೆಯವಳ ನಮಸ್ಕಾರ.

ನೀವು ಮಗಳ ಮನೆಗೆ ಹೊರಡುವ ಮುಂಚೆ, ಅಂಗಳದ ಮರ ಕಡಿಯುವವನಿಗೆ ಬರಬೇಡವೆಂದು ಹೇಳಿ ಹೋದಿರಂತೆ. ಇವತ್ತು ಅವನೇ ಹೇಳಿದ. ಹೋದ ಜೀವ ಬಂದಂತಾಯಿತು.

ಅಂದು ಮೆಟ್ಟಿಲ ಮೇಲೆ ನೀವು, "ಎಲೆ ಬಿದ್ದು ಬಿದ್ದು ಮೋರಿ ಕಟ್ಕೊಳ್ತಿದೆ. ಈ ಮರ ಉಳೀಬೇಕಂದ್ರೆ ತಿಂಗಳಿಗೆ ಎಷ್ಟು ಕೊಡ್ತೀಯಮ್ಮ?" ಎಂದಾಗ, ಬಾಡಿಗೆಯ ಅರ್ಧ ಎಂದುಬಿಟ್ಟೆ. ಕೆರೆ ಉಳಿಸಲು ಎಷ್ಟು ಕೊಡುತ್ತೀರೆಂದು ಮನೆಮನೆಗೆ ಹೋಗಿ ಕೇಳುವುದೇ ನನ್ನ ಸಂಶೋಧನೆ. ಜನ ಧಾರಾಳವಾಗಿ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ವಸೂಲಿಗೆ ಯಾರೂ ಹೋಗುವುದಿಲ್ಲ. ಒಂದನೇ ತಾರೀಖು ನೀವು ನಿಜವಾಗಿಯೂ ಬಂದು ಕೈ ಚಾಚಿದಿರಿ.

ಅಷ್ಟು ಹಣ ನನ್ನಲ್ಲಿಲ್ಲ ಎಂದದ್ದಕ್ಕೆ ನೀವು ಬೈಯಲಿಲ್ಲ. "ದುಡ್ಡು ಬೇಡ ಬಿಡು. ಎಲೆ ಗುಡಿಸ್ತೀಯಾ?" ಎಂದಿರಿ. ಈ ಸಲ ಬಾಯಿಗೆ ಬಂದದ್ದು ಹೇಳಲಿಲ್ಲ. ಇಡೀ ಅಂಗಳವನ್ನೊಮ್ಮೆ ನೋಡಿ, ಆಮೇಲೆ ಹೂಂ ಎಂದೆ.

ನಿನ್ನೆ ಕೆರೆಯ ಬೀದಿಯಲ್ಲಿ ನಾನೂ ಪ್ರಶ್ನೆ ಬದಲಿಸಿದೆ. "ಭಾನುವಾರ ಹೂಳೆತ್ತೋಕೆ ಬರ್ತೀರಾ?" ಆ ಧಾರಾಳವೆಲ್ಲ ಎಲ್ಲಿ ಹೋಯಿತೋ, ಒಬ್ಬೊಬ್ಬರಾಗಿ ಒಳಗೆ ಸರಿದರು. ದರ್ಜಿಯೊಬ್ಬ ಮಾತ್ರ ಹೊಲಿಗೆ ನಿಲ್ಲಿಸಿ, ಕೆರೆಯ ತನಕ ಹೋಗಿ ನೋಡಿ ಬಂದು, "ಬರ್ತೀನಿ. ಬುಟ್ಟಿ ನೀವೇ ತರ್ಬೇಕು" ಎಂದ. ಇಷ್ಟು ವರ್ಷಗಳ ಸಮೀಕ್ಷೆಯಲ್ಲಿ ನನಗೆ ನಂಬಿಕೆ ಬಂದ ಉತ್ತರ ಅದೊಂದೇ.

ಉದ್ದ ಹಿಡಿಯ ಪೊರಕೆ ಇಟ್ಟ ಕೋಣೆಯ ಬೀಗದ ಕೈ ಎಲ್ಲಿದೆ, ತಿಳಿಸಿ. ಅಲ್ಲಿ ಬುಟ್ಟಿಯಿದ್ದರೆ, ಭಾನುವಾರಕ್ಕೆ ಎರಡು ಬೇಕು.

ಇಂತಿ,
ನಿಮ್ಮ ಮರದ ನೆರಳಿನವಳು